ಷಡಕ್ಷರಿ ಸಾಬೂನು ಕಲಿಯಲು ಹೋದದ್ದು

ತಿಪಟೂರಿನಲ್ಲಿ ಕರಿಬಸಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ. ಒಬ್ಬನೇ ಸಾಕಾಗಿತ್ತು.

ಹೆಸರು ಷಡಕ್ಷರಿ, ವಯಸ್ಸು ಇಪ್ಪತ್ತಾರು. ಆಳು ಗಟ್ಟಿ, ಮನಸ್ಸು ಶುದ್ಧ. ತಲೆ ಮಾತ್ರ ನೆಟ್ಟಗೆ ಹೋಗುವ ರಸ್ತೆ: ತಿರುವೂ ಇಲ್ಲ, ಅಡ್ಡದಾರಿಯೂ ಇಲ್ಲ. "ಹಾಲು ಉಕ್ಕೋದು ನೋಡ್ತಿರು" ಅಂದರೆ ಉಕ್ಕುವುದನ್ನು ನೋಡುತ್ತಿರುವನು. ಕೊನೆಯ ಹನಿಯವರೆಗೂ ನೋಡಿ, "ಉಕ್ಕಿತು ಅವ್ವ" ಅಂತ ಬಂದು ಹೇಳುವನು.

"ಅಯ್ಯೋ ನನ್ನ ಕರ್ಮವೇ! ನಾನು ಕಣ್ಣು ಮುಚ್ಚಿದ ಮೇಲೆ ನಿನ್ನನ್ನ ಯಾರೋ ನೋಡ್ಕೋತಾರೆ?"

"ಯಾಕವ್ವ ಕಣ್ಣು ಮುಚ್ತೀಯ?"

ಕರಿಬಸಮ್ಮನಿಗೆ ಇದ್ದದ್ದು ಅದೊಂದೇ ಚಿಂತೆ. ತಾನಿಲ್ಲದ ಮೇಲೆ ಇವನಿಗೆ ತೆರೆಯುವ ಒಂದು ಬಾಗಿಲು ಬೇಕು. ಒಂದೇ ಒಂದು.

ಅವಳ ಅಣ್ಣ ರುದ್ರಪ್ಪ ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಮೊಬೈಲು ನೋಡಿ ನೋಡಿ ಸಾಬೂನು ಮಾಡುವ ಹುಚ್ಚು ಹಿಡಿಸಿಕೊಂಡಿದ್ದರು. ಊರಿನಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ, ಅಂಗಡಿಯಲ್ಲಿ ಕಾಸ್ಟಿಕ್ ಸೋಡಾ ಸಿಗುತ್ತದೆ. ಕಾಸ್ಟಿಕ್ಕನ್ನು ನೀರಿನಲ್ಲಿ ಕರಗಿಸಿ ಎಣ್ಣೆಗೆ ಬೆರೆಸಿ ಹೊತ್ತುಗಟ್ಟಲೆ ತಿರುವಿದರೆ ಸಾಬೂನು. ಆ ಕಾಸ್ಟಿಕ್ ಚರ್ಮಕ್ಕೆ ತಾಗಿದರೆ ಚರ್ಮ ಸುಲಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ರುದ್ರಪ್ಪನವರಿಗೆ ಇದೆಲ್ಲ ಗೊತ್ತಿತ್ತು. ಯಾರಾದರೂ ಹುಷಾರು ಅಂದರೆ "ನಾನು ಬಿ.ಎಸ್ಸಿ." ಅನ್ನುತ್ತಿದ್ದರು. ನಲವತ್ತು ವರ್ಷದ ಹಿಂದಿನ ಬಿ.ಎಸ್ಸಿ., ಅದೂ ಎರಡನೇ ದರ್ಜೆ. ಕಾಸ್ಟಿಕ್ಕನ್ನು ಹಳೇ ಸಕ್ಕರೆ ಡಬ್ಬಿಯಲ್ಲಿಟ್ಟು, ಬರೀ ಬನಿಯನ್-ಪಂಚೆಯಲ್ಲಿ ಕೆಲಸ ಮಾಡುತ್ತಿದ್ದರು. ಕೆಂಪು ರಬ್ಬರ್ ಗ್ಲೌಸು ತಂದಿದ್ದರು. ಅದು ಗೂಟದಲ್ಲಿ ನೇತಾಡುತ್ತಿತ್ತು.

ತಿರುವುವುದಕ್ಕೆ ಒಂದು ಕೈ ಬೇಕಾಗಿತ್ತು. ಕರಿಬಸಮ್ಮ ಅಣ್ಣನ ಮನೆಗೆ ಹೋದಳು.

"ಅಣ್ಣಯ್ಯ, ನಮ್ಮ ಷಡಕ್ಷರೀನ ಇಟ್ಕೋ. ತಿರುವು ಅಂದ್ರೆ ತಿರುವ್ತಾನೆ."

"ನಿಲ್ಲಿಸೋದು?"

"ಅದನ್ನೂ ಹೇಳ್ಬೇಕು."

ಮೊದಲ ದಿನ ರುದ್ರಪ್ಪ ಹಿತ್ತಲಿನಲ್ಲಿ ಡಬ್ಬಿಯ ಮುಚ್ಚಳ ತೆಗೆದಿಟ್ಟು ಹೇಳಿದರು. "ನೋಡೋ, ಇದು ಬಲು ಅಪಾಯ. ಇದನ್ನ ಮುಟ್ಟಬೇಡ. ಏನೇ ಆದ್ರೂ ಮುಟ್ಟಬೇಡ!"

"ಆಯ್ತು ಮಾವ."

ಹೇಳಿ ಅವರು ಊಟಕ್ಕೆ ಒಳಗೆ ಹೋದರು. ಇತ್ತ ಮೋಡ ಕವಿಯಿತು. ಹನಿ ಬಿತ್ತು. ಷಡಕ್ಷರಿ ಡಬ್ಬಿಯ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಮಳೆ ಜೋರಾಯಿತು. ಡಬ್ಬಿ ಬುಸುಗುಟ್ಟಿತು, ಹೊಗೆಯಾಡಿತು, ಕೊತಕೊತ ಕುದಿದು ಉಕ್ಕಿ ಕಲ್ಲುಚಪ್ಪಡಿಯ ಮೇಲೆಲ್ಲ ಹರಿಯಿತು. ಷಡಕ್ಷರಿ ಎರಡು ಹೆಜ್ಜೆ ಹಿಂದೆ ಸರಿದ. ಮುಟ್ಟಲಿಲ್ಲ.

"ಅಯ್ಯೋ ಕತ್ತೆ! ಮುಚ್ಚಳ ಮುಚ್ಚೋಕೇನಾಗಿತ್ತೋ?"

"ಮುಟ್ಟಬೇಡ ಅಂದ್ರಲ್ಲ ಮಾವ!"

"ಮುಟ್ಟಬೇಡ ಅಂದ್ರೆ ಬರಿಗೈಯಲ್ಲಿ ಮುಟ್ಟಬೇಡ ಅಂತ! ಗ್ಲೌಸ್ ಹಾಕ್ಕೊಂಡು ಮುಟ್ಟು! ಬರಿಗೈಯಲ್ಲಿ ಏನನ್ನೂ ಮುಟ್ಟಬಾರದು, ತಿಳೀತಾ?"

ತಿಳಿಯಿತು.

ಮಾರನೆಯ ದಿನ ಪಕ್ಕದ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ತಾಯಿ ಮಗ ಇಬ್ಬರೂ ಹೋದರು. ಅಜ್ಜಿಯೊಬ್ಬಳು ಮಗುವನ್ನು ಎತ್ತಿ, "ಹಿಡ್ಕೊಳಪ್ಪ ಒಂದು ನಿಮಿಷ" ಅಂದಳು. ಷಡಕ್ಷರಿ ಜೇಬಿನಿಂದ ಕೆಂಪು ಗ್ಲೌಸು ತೆಗೆದ. ಮೊಣಕೈವರೆಗೆ ಏರಿಸಿದ. ಬೆರಳು ಬೆರಳಿಗೂ ಸರಿಯಾಗಿ ಕೂರಿಸಿಕೊಂಡ. ಆಮೇಲೆ ಮಗುವನ್ನು ಮೈಯಿಂದ ದೂರ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ನಿಂತ.

"ನನ್ನ ಮಗು ಏನು ಹೆಗ್ಗಣವೇನೋ!" ಅಂತ ಬಾಣಂತಿ ಕಿರುಚಿದಳು.

ಕರಿಬಸಮ್ಮ ಮಗನ ಕಿವಿ ಹಿಡಿದು ಮನೆಗೆ ಎಳೆತಂದಳು. ಸಂಗತಿ ರುದ್ರಪ್ಪನವರ ಕಿವಿಗೂ ಬಿತ್ತು.

"ಪೆದ್ದ! ಗ್ಲೌಸು ಅಪಾಯದ ವಸ್ತುವಿಗೆ! ಯಾವುದರೊಳಗೆ ಏನಿದೆ ಅಂತ ಮೊದಲು ತಿಳ್ಕೋ. ತಿಳ್ಕೊಂಡು ಚೀಟಿ ಅಂಟಿಸು. ಚೀಟಿ ಇಲ್ಲದ್ದು ಒಂದೂ ನನ್ನ ಮನೇಲಿ ಇರಕೂಡದು!"

ಸಕ್ಕರೆ ಡಬ್ಬಿಯಲ್ಲಿ ಕಾಸ್ಟಿಕ್ ಇಟ್ಟವರು ಹೇಳಿದ ಮಾತು ಇದು. ಇರಲಿ.

ಷಡಕ್ಷರಿಗೆ ಅಕ್ಷರ ಬರುತ್ತಿತ್ತು. ಒಂದು ಮಧ್ಯಾಹ್ನ ಪೂರ್ತಿ ಕೂತು ಚೀಟಿ ಬರೆದ. ಉಪ್ಪಿಗೆ ಉಪ್ಪು, ಬೇಳೆಗೆ ಬೇಳೆ. ಬೀರುವಿಗೆ 'ಅತ್ತೆಯ ಸೀರೆ, ಅದರಡಿ ಮಾವನಿಗೆ ಗೊತ್ತಿಲ್ಲದ ದುಡ್ಡು'. ಸಕ್ಕರೆ ಡಬ್ಬಿಗೆ 'ಕಾಸ್ಟಿಕ್, ಬಲು ಅಪಾಯ'. ಕೊನೆಗೆ ಪಡಸಾಲೆಗೆ ಬಂದರೆ ರುದ್ರಪ್ಪ ಮಲಗಿ ಗೊರಕೆ ಹೊಡೆಯುತ್ತಿದ್ದರು. ಷಡಕ್ಷರಿ ಅವರ ಬೋಳುತಲೆಯನ್ನು ಮೆಲ್ಲಗೆ ತಟ್ಟಿ ನೋಡಿದ. ಕಿವಿಗೊಟ್ಟು ಕೇಳಿದ. ಯೋಚಿಸಿ ಹಣೆಯ ಮೇಲೆ ಒಂದು ಚೀಟಿ ಅಂಟಿಸಿದ.

ಸಂಜೆ ರುದ್ರಪ್ಪ ಹಾಗೇ ಪೇಟೆ ಸುತ್ತಿ ಬಂದರು. ಜನ ನಕ್ಕರು, ಯಾಕೆಂದು ಇವರಿಗೆ ತಿಳಿಯಲಿಲ್ಲ. ಕ್ಷೌರದಂಗಡಿಯ ಕನ್ನಡಿಯಲ್ಲಿ ಹಣೆಯ ಮೇಲಿನ ಬರಹ ಕಂಡಿತು. ಚೀಟಿ ಕಿತ್ತು ಓದಿದರು: 'ಒಳಗೆ ಏನೂ ಇದ್ದಂತಿಲ್ಲ'.

ನನ್ನ ಲೆಕ್ಕದಲ್ಲಿ ಅದು ಅಂಥ ತಪ್ಪು ಚೀಟಿಯೇನಲ್ಲ. ರುದ್ರಪ್ಪನವರಿಗೆ ಹಾಗನ್ನಿಸಲಿಲ್ಲ.

"ಬಸಮ್ಮಾ! ಕರ್ಕೊಂಡು ಹೋಗು ನಿನ್ನ ಮಗನ್ನ!"

"ಅಣ್ಣಯ್ಯ, ಕಾಲಿಗೆ ಬೀಳ್ತೀನಿ. ಇನ್ನೊಂದು ಸಲ ನೋಡು."

"ಸರಿ, ಇನ್ನೊಂದೇ ಸಲ. ಕೇಳೋ ಷಡಕ್ಷರಿ! ಚೀಟಿ ಬೇಡ, ಏನೂ ಬೇಡ. ಪೈಪು ಹಿಡ್ಕೊಂಡು ನಿಂತ್ಕೋ. ಯಾರ ಮೈಮೇಲಾದ್ರೂ ಏನಾದ್ರೂ ಬಿದ್ರೆ ನೀರು ಬಿಡು. ಹದಿನೈದು ನಿಮಿಷ, ಗಡಿಯಾರ ನೋಡಿ! ಬೇಡ ಅಂದ್ರೂ ಬಿಡು, ಬೈದ್ರೂ ಬಿಡು. ನಾನೇ ನಿಲ್ಲಿಸು ಅಂದ್ರೂ ನಿಲ್ಲಿಸಬೇಡ! ಅಷ್ಟು ಮಾಡು ಸಾಕು."

"ಅಷ್ಟೇನಾ ಮಾವ?"

"ಅಷ್ಟೇ!"

ಭಾನುವಾರ ರುದ್ರಪ್ಪನವರ ಮಗಳ ಮಾವ ಬಂದರು. ಉಪಚಾರಕ್ಕೆ ಕರಿಬಸಮ್ಮನೂ ಬಂದಿದ್ದಳು. ಬೀಗರು ಅಂದರೆ ಬೀಗರೇ: ಗಂಜಿ ಹಾಕಿದ ಬಿಳಿ ಪಂಚೆ, ಜರಿ ಶಲ್ಯ. ಹಿತ್ತಲಿನ ಸಾಬೂನು ನೋಡುತ್ತಾ ಕಾಫಿ ಕುಡಿಯುತ್ತಿದ್ದರು. ಪಂಚೆಯ ಮೇಲೆ ಒಂದು ತೊಟ್ಟು ಕಾಫಿ ಬಿತ್ತು. ಒಂದೇ ತೊಟ್ಟು.

ಷಡಕ್ಷರಿ ಹಿತ್ತಲ ಗೋಡೆಯ ಗಡಿಯಾರ ನೋಡಿದ. ನಲ್ಲಿ ತಿರುಗಿಸಿದ.

"ಏಯ್! ಏಯ್! ಏನೋ ಇದು?"

"ಹದಿನೈದು ನಿಮಿಷ, ಯಜಮಾನರೇ!"

"ಶಲ್ಯ! ನನ್ನ ಶಲ್ಯ!"

"ಬೈದ್ರೂ ಬಿಡು ಅಂದಿದ್ದಾರೆ!"

ಬೀಗರು ಬಾವಿಕಟ್ಟೆ ಸುತ್ತಿ ಓಡಿದರು, ಇವನು ಪೈಪು ಹಿಡಿದು ಹಿಂದೆ ಓಡಿದ. ನಾಲ್ಕು ಜನ ಸೇರಿ ಹಿಡಿದುಕೊಳ್ಳುವ ಹೊತ್ತಿಗೆ ಆರು ನಿಮಿಷವಾಗಿತ್ತು. "ಇನ್ನೂ ಒಂಬತ್ತು ಬಾಕಿ!" ಅಂತ ಷಡಕ್ಷರಿ ಕೂಗುತ್ತಲೇ ಇದ್ದ. ಬೀಗರು ಒದ್ದೆ ಪಂಚೆಯಲ್ಲೇ ಬಸ್ಸು ಹತ್ತಿದರು.

ಕರಿಬಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಮುಗಿಯಿತು, ಈ ಬಾಗಿಲೂ ಮುಚ್ಚಿತು ಅಂದುಕೊಂಡಳು.

ರುದ್ರಪ್ಪನವರಿಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು. "ಮುಠ್ಠಾಳ! ನೀರು ಬಿಡೋ ಮೊದಲು ಬಿದ್ದದ್ದು ಏನು ಅಂತ ಕೇಳೋ! ಕೇಳಿ ಬಿಡೋ! ಬಸಮ್ಮ, ಇವತ್ತಿನ ಸಾಬೂನು ಒಂದು ಮುಗೀಲಿ. ಸಂಜೆ ಕರ್ಕೊಂಡು ಹೋಗ್ಬಿಡು. ಮತ್ತೆ ಕಳಿಸಬೇಡ."

"ಆಗಲಿ ಅಣ್ಣಯ್ಯ." ಅಂದು ಮಗನ ಬಟ್ಟೆ ಗಂಟು ಕಟ್ಟಲು ಒಳಗೆ ಹೋದಳು.

ರುದ್ರಪ್ಪ ಸಿಟ್ಟಿನಲ್ಲೇ ಕೆಲಸಕ್ಕೆ ಕೂತರು. ಸ್ಟೀಲಿನ ಪಾತ್ರೆಗೆ ಮೊದಲು ನೀರು ಹಾಕಬೇಕು, ಆಮೇಲೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ. ಅದೇ ಕ್ರಮ. ಸಿಟ್ಟಿನಲ್ಲಿ ಕಾಸ್ಟಿಕ್ಕನ್ನೇ ಮೊದಲು ಸುರಿದರು. ಮೇಲೆ ಚೊಂಬು ಎತ್ತಿದರು.

"ಮಾವ, ಕಾಸ್ಟಿಕ್ ಮೇಲೆ ನೀರು ಹಾಕಬಾರದು ಅಂತ ನೀವೇ..."

"ಸುಮ್ನಿರೋ! ನಾನು ಬಿ.ಎಸ್ಸಿ.!"

ಚೊಂಬು ಬಗ್ಗಿತು. ಪಾತ್ರೆ ಚಟಾರನೆ ಸಿಡಿದು ಎಡಗಣ್ಣಿಗೆ ಎರಚಿತು.

"ಅಯ್ಯಯ್ಯೋ! ಕಣ್ಣು! ನನ್ನ ಕಣ್ಣು!"

ಷಡಕ್ಷರಿ ಪೈಪು ಹಿಡಿದು ಎದುರಿಗೆ ನಿಂತ. "ಮಾವ, ಬಿದ್ದದ್ದು ಏನು?"

"ಕಾಸ್ಟಿಕ್ ಕಣೋ ಪಾಪಿ!"

"ಹಾಗಾದ್ರೆ ಹದಿನೈದು ನಿಮಿಷ."

ಎಡಗೈಯಲ್ಲಿ ಮಾವನ ಕುತ್ತಿಗೆ ಹಿಡಿದ, ಬಲಗೈಯಲ್ಲಿ ನೀರು ಬಿಟ್ಟ. ಅತ್ತೆ ಬೆಣ್ಣೆ ಹಿಡಿದು ಓಡಿಬಂದರು. "ಬೆಣ್ಣೆ ಹಚ್ಚೋ, ತಂಪಾಗುತ್ತೆ!" "ನೀರು ಅಂದಿದ್ದಾರೆ ಅತ್ತೆ." ರುದ್ರಪ್ಪ ನೀರಿನೊಳಗಿಂದಲೇ ಕೂಗಿದರು. "ನಿಂಬೆಹಣ್ಣು ತಗೊಂಬಾರೇ! ಕ್ಷಾರಕ್ಕೆ ಹುಳಿ ಹಿಂಡಿದ್ರೆ ಸರಿಹೋಗುತ್ತೆ!" ಬಿ.ಎಸ್ಸಿ. ಇನ್ನೂ ಜೀವಂತವಾಗಿತ್ತು. "ನೀರು ಅಂದಿದ್ದೀರಿ ಮಾವ."

ಮೂರು ನಿಮಿಷಕ್ಕೆ ರುದ್ರಪ್ಪ ಸಾಕು ಅಂದರು. ಐದಕ್ಕೆ ಬೈದರು. ಏಳಕ್ಕೆ ಕೈಮುಗಿದರು.

"ಬಸಮ್ಮಾ! ಎಳಿಯೇ ಇವನ್ನ! ಉಸಿರು ಕಟ್ತಿದೆ!"

ಕರಿಬಸಮ್ಮ ಓಡಿಬಂದು ಮಗನ ತೋಳು ಹಿಡಿದಳು. ಇಪ್ಪತ್ತಾರು ವರ್ಷದಿಂದ ಮಾಡಿದ್ದೂ ಅದನ್ನೇ, ಹಿಡಿಯುವುದು, ಎಳೆಯುವುದು, ಬೈಯುವುದು. ಷಡಕ್ಷರಿ ಅವಳ ಕಡೆ ತಿರುಗಲಿಲ್ಲ. ಕಣ್ಣು ಗಡಿಯಾರದ ಮೇಲಿತ್ತು.

"ಅವ್ವ, ಇನ್ನೂ ಎಂಟು ನಿಮಿಷ ಇದೆ."

ಅಷ್ಟು ನಿಧಾನವಾಗಿ ಹೇಳಿದ. ಅವಳ ಕೈ ಸಡಿಲವಾಯಿತು. ತೋಳು ಬಿಟ್ಟಳು. ಅಣ್ಣನ ತಲೆ ಹಿಡಿದು, ಮುಚ್ಚಿಕೊಂಡ ರೆಪ್ಪೆಯನ್ನು ಎರಡು ಬೆರಳಲ್ಲಿ ಬಿಡಿಸಿ ಹಿಡಿದಳು.

"ಬಿಡೋ ಮಗನೇ ನೀರು!"

ಹದಿನೈದು ಮುಗಿದ ಮೇಲೆ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಕಣ್ಣಿನ ಡಾಕ್ಟರಮ್ಮ ಮತ್ತೆ ಅರ್ಧ ಗಂಟೆ ತೊಳೆದರು. ದೀಪ ಹಾಕಿ ನೋಡಿದರು.

"ಕಣ್ಣು ಉಳಿಯುತ್ತೆ. ಮನೇಲಿ ನೀರು ಬಿಟ್ಟದ್ದು ಯಾರು? ಎಷ್ಟು ಹೊತ್ತು?"

"ಹದಿನೈದು ನಿಮಿಷ," ಅಂದ ಷಡಕ್ಷರಿ.

"ಅಂದಾಜಾ?"

"ಗಡಿಯಾರ."

ಡಾಕ್ಟರಮ್ಮ ರುದ್ರಪ್ಪನವರ ಕಡೆ ತಿರುಗಿದರು. "ಎರಡು ನಿಮಿಷಕ್ಕೆ ನಿಲ್ಲಿಸಿದ್ರೆ ಈ ಕಣ್ಣು ಇರ್ತಿರಲಿಲ್ಲ. ರಕ್ಷಣೆಗೆ ಕನ್ನಡಕ ಹಾಕಿರಲಿಲ್ವಾ?"

"ನಾನು ಬಿ.ಎಸ್ಸಿ. ಮೇಡಂ..."

"ಕಾಸ್ಟಿಕ್‌ಗೆ ಅದು ಗೊತ್ತಿರಲಿಲ್ಲ ಅನ್ಸುತ್ತೆ."

ಹೊರಗೆ ಅತ್ತೆ ಅಳುತ್ತಾ ಷಡಕ್ಷರಿಯನ್ನು ಹಿಡಿದುಕೊಂಡಿದ್ದರು. "ನಿನ್ನ ಕಾಲ್ಗುಣಾನೋ ಇದು! ನೀನು ಬಂದಾಗಿನಿಂದ ಬರೀ..." ಕರಿಬಸಮ್ಮ ತಲೆ ತಗ್ಗಿಸಿದಳು. ಸಂಜೆ ಕರ್ಕೊಂಡು ಹೋಗು ಅಂದ ಮಾತು ನೆನಪಿತ್ತು. ಮಗನ ಬಟ್ಟೆಗಂಟು ಆಗಲೇ ಕಟ್ಟಿಟ್ಟಿದ್ದಳು.

ಅಷ್ಟರಲ್ಲಿ ರುದ್ರಪ್ಪ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದರು.

"ಅವನನ್ನ ಅನ್ನಬೇಡ ಕಣೇ. ನೀರು ಸುರಿದದ್ದು ನಾನು. ಹಾಗೆ ಸುರೀಬೇಡಿ ಅಂದದ್ದು ಅವನು. ಬೆಣ್ಣೆ ತಂದದ್ದು ನೀನು. ನಿಂಬೆಹಣ್ಣು ಕೇಳಿದ್ದು ನಾನು." ಕಣ್ಣಿನ ಪಟ್ಟಿ ಸರಿಮಾಡಿಕೊಂಡರು. ಮ್ಯಾನೇಜರಾಗಿದ್ದವರಿಗೆ ಇಂಥ ಮಾತು ಬೇಗ ಬರುವುದಿಲ್ಲ. "ಬಸಮ್ಮ, ಗಂಟು ಬಿಚ್ಚಮ್ಮ. ನಾನಿರೋವರೆಗೂ, ನಾನು ಹೋದಮೇಲೂ, ಆ ಮನೇಲಿ ಅವನದೊಂದು ಕೋಣೆ."

ಕರಿಬಸಮ್ಮ ಅಣ್ಣನ ಕೈ ಹಿಡಿದು ಹಣೆಗೊತ್ತಿಕೊಂಡಳು. ಆಮೇಲೆ ಮಗನ ಕೈಯನ್ನೂ.

ದಾರಿಯಲ್ಲಿ ರುದ್ರಪ್ಪ ಎಲ್ಲ ಕಡೆ ಮುಚ್ಚುವಂಥ ದೊಡ್ಡ ಗಾಜಿನ ಕನ್ನಡಕ ಒಂದನ್ನು ಕೊಂಡರು. ಕನ್ನಡಕವನ್ನು ಷಡಕ್ಷರಿಯ ಕೈಗೆ ಕೊಟ್ಟು ಹೇಳಿದರು.

"ಇನ್ಮೇಲೆ ನೀನೇ ಕಾವಲು ಕಣಪ್ಪ. ಸಾಬೂನು ಇರೋ ಕಡೆ ಕನ್ನಡಕ ಇಲ್ಲದೆ ಒಬ್ಬರನ್ನೂ ಬಿಡಬೇಡ. ನಾನೇ ಬಂದ್ರೂ ಬಿಡಬೇಡ!"

"ಆಯ್ತು ಮಾವ."

ಮರುದಿನ ಬೆಳಿಗ್ಗೆ ಕಣ್ಣು ವಿಚಾರಿಸಲು ನೆಂಟರು ಬಂದಿಳಿದರು. ಎಂಟು ಜನ. ಸ್ನಾನಕ್ಕೆ ನೀರು ಕಾದಿತ್ತು. ಎಷ್ಟು ಹೊತ್ತಾದರೂ ಯಾರೂ ಸ್ನಾನ ಮಾಡಿ ಬರಲಿಲ್ಲ. ಏನಿದು ಅಂತ ಕರಿಬಸಮ್ಮ ಹೋಗಿ ನೋಡಿದರೆ, ಬಚ್ಚಲುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಾನೆ ಷಡಕ್ಷರಿ. ಎದುರಿಗೆ ಟವೆಲು ಹೊದ್ದ ನೆಂಟರ ಸಾಲು. ತುದಿಯಲ್ಲಿ ಪಟ್ಟಿ ಕಟ್ಟಿಕೊಂಡ ರುದ್ರಪ್ಪ.

"ಒಳಗೆ ಸಾಬೂನಿದೆ. ಕನ್ನಡಕ ಒಂದೇ. ಒಬ್ಬೊಬ್ಬರೇ ಹಾಕ್ಕೊಂಡು ಹೋಗಿ!"

"ಬಸಮ್ಮ, ಹೇಳಮ್ಮ ಇವನಿಗೆ!" ಅಂದರು ನೆಂಟರು. "ಮುಖಕ್ಕೆ ಸೋಪು ಹೆಂಗೆ ಹಚ್ಚೋದು?"

ಕರಿಬಸಮ್ಮ ಮಗನ ಮುಖ ನೋಡಿದಳು. ಬೈಯಲು ಬಾಯಿ ತೆರೆದಳು. ಮುಚ್ಚಿದಳು. ಕೈ ಚಾಚಿ ಕನ್ನಡಕ ಇಸಿದುಕೊಂಡು, ಕಿವಿಗೆ ಸರಿಯಾಗಿ ಸಿಕ್ಕಿಸಿಕೊಂಡು, ಸಾಲು ತಪ್ಪಿಸಿ ಎಲ್ಲರಿಗಿಂತ ಮೊದಲು ಒಳಗೆ ಹೋದಳು. ಮುಖಕ್ಕೆ ಸಾಬೂನು ಹಚ್ಚಿದಳು, ಗಾಜಿಗೂ ಹಚ್ಚಿದಳು. ಏನೂ ಕಾಣಲಿಲ್ಲ.

"ಅವ್ವ, ಕನ್ನಡಕ ಇದೆಯಾ?" ಅಂತ ಹೊರಗಿನಿಂದ ಕೂಗಿದ.

"ಇದೆ ಕಣಪ್ಪ, ಇದೆ," ಅಂದಳು.