ಬಾವಿಗೆ ಇಳಿಸದ ಕಂದೀಲು

ಇದನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ರೇವಣಪ್ಪನವರು. ಅವರು ಮಠದಲ್ಲಿ ಕೂತು ಕಿವಿಯಾರೆ ಕೇಳಿದ್ದು.

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಅಮೆರಿಕದಲ್ಲಿ ಮಿಸೌರಿ ಎಂಬ ಸೀಮೆ ಇದೆಯಂತೆ. ಯಾರಾದರೂ ಏನಾದರೂ ಹೇಳಿದರೆ ಅಲ್ಲಿಯವರು ‘ನಾನು ಮಿಸೌರಿಯವನು, ತೋರಿಸು’ ಎನ್ನುತ್ತಾರಂತೆ. ಬರೀ ಮಾತು ಸಾಲದು, ಕಣ್ಣಿಗೆ ಕಾಣಬೇಕು ಎಂದು ಅರ್ಥವಂತೆ. ಇದು ಶ್ರದ್ಧೆ ಇಲ್ಲದವರ ಸೊಕ್ಕಲ್ಲವೇ?”

ಗುರುಗಳು ಹೇಳಿದರು:

“ಒಬ್ಬ ಸಾಹುಕಾರನ ಹಿತ್ತಲಲ್ಲಿ ಹಳೆಯ ಬಾವಿ ಇತ್ತು. ವರ್ಷಗಟ್ಟಲೆ ಹಲಗೆ ಮುಚ್ಚಿದ್ದ ಬಾವಿ. ಹೂಳೆತ್ತಲು ಇಬ್ಬರನ್ನು ಕರೆಸಿದ. ಮುಚ್ಚಿದ ಬಾವಿಗೆ ಇಳಿಯುವ ಮೊದಲು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುವುದು ಆ ಕೆಲಸದವರ ಪದ್ಧತಿ. ಅದು ಆರಿದರೆ ಅಡಿಯಲ್ಲಿ ಕೆಟ್ಟ ಗಾಳಿ ಇದೆ ಎಂದು ತಿಳಿಯುತ್ತಾರೆ.

ಇಬ್ಬರಲ್ಲಿ ಹಿರಿಯನು, ‘ಧಣಿ, ಒಂದು ಕಂದೀಲು ಕೊಡಿ, ಬಿಟ್ಟು ನೋಡೋಣ’ ಎಂದ.

ಸಾಹುಕಾರನಿಗೆ ಸಿಟ್ಟು ಬಂತು. ‘ನಮ್ಮಪ್ಪ ದಿನಾ ದೇವರಿಗೆ ಎರೆದದ್ದು ಇದೇ ನೀರು. ಏನೂ ಆಗಲ್ಲ ಅಂತ ನಾನೇ ಹೇಳ್ತಿದೀನಲ್ಲ. ನನ್ನ ಮಾತು ಸಾಲದೇನೋ?’

‘ನಿಮ್ಮ ಮಾತು ದೊಡ್ಡದು, ಧಣಿ. ಆದರೆ ಕೆಳಗೆ ಹೋದ ಮೇಲೆ ಅದನ್ನು ಉಸಿರಾಡೋಕಾಗಲ್ಲವಲ್ಲ.’

ಸಾಹುಕಾರ ಅವನನ್ನು ಹೊರಗೆ ಅಟ್ಟಿದ. ಇನ್ನೊಬ್ಬ ಮೆತ್ತನೆಯವನು. ಧಣಿ ಹೇಳಿದ ಮೇಲೆ ಮುಗಿಯಿತು ಎಂದು ಕೈಮುಗಿದು ಇಳಿದ. ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ಹಗ್ಗ ಹಿಡಿದಿದ್ದ ಅವನ ಕೈ ಸಡಿಲಿತು. ಕೊಕ್ಕೆ ಹಾಕಿ ಮೇಲಕ್ಕೆ ಎತ್ತಿದಾಗ ಜೀವವಿರಲಿಲ್ಲ.

ಸಾಹುಕಾರ ಹೆಣಕ್ಕೆ ಹೊಸ ಬಟ್ಟೆ ಹೊದಿಸಿದ. ಊರವರು ಅವನದು ದೊಡ್ಡ ಮನಸ್ಸು ಎಂದರು. ಸತ್ತವನನ್ನು, ಎಂಥ ವಿನಯವಂತ, ಒಂದು ದಿನವೂ ಎದುರಾಡಲಿಲ್ಲ ಎಂದು ಹೊಗಳಿದರು. ಕಂದೀಲು ಕೇಳಿದವನನ್ನು ಮಾತ್ರ ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವನು ಸೊಕ್ಕಿನವನಂತೆ. ನೀನು ಈಗ ಬಳಸಿದೆಯಲ್ಲ, ಅದೇ ಮಾತು.”

ಶಿಷ್ಯ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, “ಹಾಗಾದರೆ ನಂಬಿಕೆಯೇ ಬೇಡವೇ, ಗುರುಗಳೇ?” ಎಂದ.

ಗುರುಗಳ ದನಿ ಗಡುಸಾಯಿತು. “ನನ್ನನ್ನು ನಂಬು ಎನ್ನುವವನು ಯಾವಾಗಲೂ ಬಾವಿಯ ಮೇಲೆಯೇ ಏಕೆ ನಿಂತಿರುತ್ತಾನೆ, ಅದನ್ನು ಹೇಳು.”



ಓದಿದವರು ಇದನ್ನು ನಾಲ್ಕು ಜನಕ್ಕೆ ಹೇಳಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ಮೊದಲು ಹೇಳಿ.