ಮಣ್ಣಲ್ಲಿ ಉಳಿದ ಬಟ್ಟಲು

"ಬುಡ ಕಿತ್ರೆ ಮುಂದಿನ ವರ್ಷ ಹುತ್ತದಲ್ಲಿ ಅಣಬೆ ಏಳಲ್ಲ ಅಂತ ಊರೋರೆಲ್ಲ ಅಂತಾರೆ. ನೀವ್ಯಾಕಜ್ಜ ಗುಂಪಿಗೊಂದನ್ನ ಬುಡ ಸಮೇತ ಕೀಳು ಅಂತೀರಿ?"

ದುಂಡಯ್ಯ ಕೇಳ್ದ. ಹುಚ್ಚೀರಜ್ಜನ ಹತ್ರ ಕಾಡು ಕಲಿಯೋಕೆ ಬಂದು ಅವನಿಗೆ ಇನ್ನೂ ಒಂದು ಮಳೆಗಾಲ ತುಂಬಿರ್ಲಿಲ್ಲ. ಎದುರಿಗೆ ಹುತ್ತ. ಸುತ್ತ ಬೆಳ್ಳಗೆ ಅಣಬೆ ಎದ್ದಿದ್ವು, ಒಂದು ಮಕ್ರಿ ತುಂಬೋಷ್ಟು. ಮನೇಲಿ ಹೆಂಡ್ತಿ, ಎರಡು ಮಕ್ಕಳು ಸಾರಿಗೆ ಕಾಯ್ತಿದ್ರು. ಇವನು ಕುಡ್ಲು ಹಾಕೋಕೆ ಬಗ್ಗಿದ್ದ, ಅಜ್ಜ ಕುಡ್ಲು ಕಿತ್ಕಂಡು ಪಕ್ಕಕ್ಕೆ ಎಸೆದಿದ್ದ.

ಅಜ್ಜನಿಗೆ ಓದು ಬರಹ ಇಲ್ಲ. ಜಂಬಕ್ಕೇನೂ ಕಮ್ಮಿ ಇರ್ಲಿಲ್ಲ. ಈ ಕಾಡಲ್ಲಿ ಅಣಬೆ ಏಳ್ಬೇಕಾದ್ರೆ ನನ್ನ ಕೇಳ್ಕಂಡೇ ಏಳ್ಬೇಕು ಅನ್ನೋನು. ಕೊಳೆತ ಬಿದಿರಿನ ಬುಡದಲ್ಲಿ ಏಳೋದು, ಸಗಣಿ ಮೇಲೆ ಕೊಡೆ ಬಿಚ್ಚೋದು, ಸತ್ತ ಮರಕ್ಕೆ ಕಿವಿ ಹಂಗೆ ಅಂಟ್ಕಳ್ಳೋದು, ಮಣ್ಣೊಳಗೆ ಗೋಲಿ ಹಂಗೆ ಕೂರೋ ಕಲ್ಲಣಬೆ, ಅಕ್ಕಿ ಚೆಲ್ದಂಗೆ ಹರಡೋ ಅಕ್ಕಿ ಅಣಬೆ, ಯಾವ್ದಾದ್ರೂ ಸರಿ, ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಮೂಗಲ್ಲೇ ಹೇಳ್ತೀನಿ ಅನ್ನೋನು. ಹೇಳ್ತಿದ್ದ ಕೂಡ. ಆವತ್ತು ಮಾತ್ರ ಜಂಬ ಹೊಡೀಲಿಲ್ಲ. ನಿನ್ನ ಬುದ್ಧಿಗಿಂತ ನಿನ್ನ ಕೈ ಮುಂದೆ ಓಡ್ತದೆ, ಕೂತ್ಕ ಅಂತ ಬೈದ. ದುಂಡಯ್ಯ ಕೂತ. ಅಜ್ಜ ಕತೆ ಹೇಳ್ದ.

ಒಬ್ಬ ಮುದುಕ ಇದ್ದ. ಅಣಬೆ ವಿಷ್ಯದಲ್ಲಿ ಅವನ್ನ ಮೀರ್ಸೋರು ಏಳು ಹಳ್ಳೀಲಿ ಇರ್ಲಿಲ್ಲ. ಅವನಿಗೆ ಒಬ್ಬ ಮಗ, ಸೊಸೆ, ಒಂದು ಮೊಮ್ಮಗಳು. ಮಗನಿಗೆ ಕಾಡು ಹಿಡಿಸ್ಲಿಲ್ಲ, ಸೊಸೆಗೆ ಹಿಡಿಸ್ತು. ಮುದುಕ ಅವಳ್ನ ಕರ್ಕಂಡು ಹೋಗಿ ಕಲಿಸ್ದ.

ಗುಡುಗಿದ ಮೂರನೇ ದಿನ ಹೋಗು ಅಂದ. ಹುತ್ತದ ಮಗ್ಗುಲಲ್ಲಿ ಹುಡುಕು, ಬೆಳ್ಳಗಿರ್ಬೇಕು, ಗುಂಪಾಗಿರ್ಬೇಕು. ಮಣ್ಣಿನ ಸಮಕ್ಕೆ ಕುಯ್ಯಿ, ಬುಡಕ್ಕೆ ಕೈ ಹಾಕ್ಬೇಡ ಅಂದ. ಅವನು ಹೇಳಿದ್ರಲ್ಲಿ ಸುಳ್ಳಿರ್ಲಿಲ್ಲ. ಹುತ್ತದೊಳಗೆ ಗೆದ್ದಲು ಅಣಬೆಗೆ ತೋಟ ಮಾಡಿರ್ತವೆ. ಬುಡ ಹಿಡಿದು ಎಳೆದ್ರೆ ತೋಟ ಕದಡ್ತದೆ. ಮುದುಕ ತಾನು ಚಿಕ್ಕವನಾಗಿದ್ದಾಗ ಎಳೆದೆಳೆದು ಎರಡು ಹುತ್ತ ಹಾಳು ಮಾಡಿ, ಅಪ್ಪನ ಕೈಲಿ ಒದೆ ತಿಂದಿದ್ದ. ಆದ್ರೆ ಹಂಗೆ ಎಳೀವಾಗ ಅವನು ಒಂದು ನೋಡಿದ್ದ. ಒಳ್ಳೇ ಅಣಬೆ ಕಾಲು ಬೇರಿನಂಗೆ ಸಣ್ಣಗಾಗ್ತಾ ಮಣ್ಣೊಳಕ್ಕೆ ಗೇಣುಗಟ್ಟಲೆ ಇಳೀತದೆ. ಅದು ಅವನ ಕಣ್ಣಲ್ಲಿತ್ತು. ಅವಳಿಗೆ ಸಿಕ್ಕಿದ್ದು ಬರೀ ಮಾತು.

ಆರು ಮಳೆಗಾಲ ಅವಳು ಕುಯ್ದ್ಲು. ಒಂದ್ಸಲನೂ ತಪ್ಪಲಿಲ್ಲ. ನನ್ನ ಸೊಸೆ ಮಗನಿಗಿಂತ ಮೇಲು, ಕಲಿಸ್ದೋನು ನಾನಲ್ವಾ ಅಂತ ಮುದುಕ ಸಂತೇಲೆಲ್ಲ ಮೀಸೆ ತಿರುವ್ದ.

ಅವಳು ಕುಯ್ಯೋ ಹುತ್ತದ ಆಚೆ ಮಗ್ಗುಲಲ್ಲಿ ಯಾರೋ ಹಿಂದ್ಯಾವಾಗ್ಲೋ ಹಳೇ ಮರ ಕಡ್ದು, ಎಲ್ಲಿಂದ್ಲೋ ತಂದ ಸಸಿ ನೆಟ್ಟಿದ್ರು. ಮರ ಒಂಟಿಯಾಗಿ ಬರಲ್ಲ. ಬೇರಿಗೆ ಅಂಟಿಸ್ಕಂಡು ತನ್ನ ಅಣಬೆನೂ ತರ್ತದೆ. ಎಷ್ಟೋ ವರ್ಷ ಅದು ಮಣ್ಣೊಳಗೇ ಇತ್ತು. ಒಂದು ಆರಿದ್ರಾ ಮಳೇಲಿ ಎದ್ತು. ಬೆಳ್ಳಗೆ. ಗುಂಪಾಗಿ. ಹುತ್ತದ ಮಗ್ಗುಲಲ್ಲೇ.

ಮುದುಕ ಆವತ್ತು ನೆಂಟರ ಊರಿಗೆ ಹೋಗಿದ್ದ. ಸೊಸೆ ಒಬ್ಬಳೇ ಹೋಗಿ ಕುಯ್ಕಂಡು ಬಂದ್ಲು. ಸಾರು ಮಾಡಿದ್ಲು. ಮುದ್ದೆ ಜೊತೆ ಮೂರೂ ಜನ ಉಂಡ್ರು. ರುಚಿಯಾಗಿತ್ತಂತೆ. ಮಾವನಿಗೆ ಅಂತ ಒಂದಿಷ್ಟನ್ನ ಮೊರದಲ್ಲಿ ಹರವಿ ಒಣಗೋಕೆ ಇಟ್ಲು.

ಬೆಳಗಾಗೋದ್ರೊಳಗೆ ಮೂವರಿಗೂ ವಾಂತಿ, ಭೇದಿ. ಮಾರನೇ ದಿನಕ್ಕೆ ನಿಂತ್ಕಂತು. ಮಗು ಎದ್ದು ಕೂತು ಗಂಜಿ ಕೇಳ್ತು. ಗಂಡಾಂತರ ಕಳೀತು ಅಂದ್ಕಂಡ್ರು. ಆ ಅಣಬೆ ಬುದ್ಧಿನೇ ಅದು, ಒಂದು ದಿನ ಬಿಟ್ಟಂಗೆ ಮಾಡ್ತದೆ. ಮೂರನೇ ದಿನ ಕಣ್ಣು ಅರಿಶಿನ ಆಯ್ತು. ಮಗು ಮೊದ್ಲು ಹೋಯ್ತು, ಆಮೇಲೆ ಮಗ.

ಮುದುಕ ಬಂದಾಗ ಸೊಸೆಗೆ ಇನ್ನೂ ಉಸಿರಿತ್ತು. ಮಾವನ್ನ ನೋಡಿ ತಪ್ಪು ಮಾಡ್ದೋಳಂಗೆ ಸೆರಗು ಎಳ್ಕಂಡ್ಲು. ಒಂದೇ ಮಾತು ಆಡಿದ್ಲು.

"ಬುಡಕ್ಕೆ ಕೈ ಹಾಕ್ಲಿಲ್ಲ, ಮಾವ."

ಅವಳ್ನ ಮಣ್ಣು ಮಾಡಿ ಮುದುಕ ಆ ಹುತ್ತದ ಹತ್ರ ಹೋದ. ಕುಯ್ದ ಗುರುತು ನೋಡ್ದ. ಒಂದೊಂದೂ ಮಣ್ಣಿನ ಸಮಕ್ಕೆ, ತಾನೇ ಕುಯ್ದಂಗೆ. ಬೆರಳು ಒಳಕ್ಕೆ ಇಳಿಸ್ದ. ಉದ್ದನೆ ಕಾಲು ಸಿಗ್ಲಿಲ್ಲ. ಬೆರಳು ಮುಳುಗೋದ್ರೊಳಗೆ ಒಂದು ಬಟ್ಟಲು ಸಿಕ್ತು, ಒಡೆದ ಮೊಟ್ಟೆ ಚಿಪ್ಪಿನಂಗೆ, ಬೆಳ್ಳಗೆ. ವಿಷದ ಗುರುತು ಅದು. ಪಕ್ಕದ್ದು ಅಗೆದ, ಅಲ್ಲೂ ಬಟ್ಟಲು. ಇನ್ನೊಂದು ಅಗೆದ. ಆ ಗುಂಪೆಲ್ಲ ಅಗೆದ. ಅಷ್ಟೂ ಬಟ್ಟಲನ್ನ ಅವಳು ಮಾವ ಹೇಳಿದ ಮಾತಿಗೆ ತಪ್ಪದಂಗೆ ಮಣ್ಣಲ್ಲೇ ಬಿಟ್ಟು ಬಂದಿದ್ಲು.

ಅಜ್ಜ ಇಷ್ಟು ಹೇಳಿ ನಿಲ್ಲಿಸ್ದ.

ದುಂಡಯ್ಯ ಒಂದು ಅಣಬೆ ಬುಡಕ್ಕೆ ಬೆರಳು ಹಾಕಿ ಮಣ್ಣು ಬಿಡಿಸ್ದ. ಕಾಲು ಇಳೀತು, ಇನ್ನೂ ಇಳೀತು, ಸಣ್ಣಗಾಗಿ ಕಡ್ಡಿಯಂಗೆ ಹುತ್ತದೊಳಕ್ಕೆ ಹೋಗಿತ್ತು. ಬಟ್ಟಲು ಇರ್ಲಿಲ್ಲ. ಅವನಿಗೆ ಉಸಿರು ಬಂತು. ಉಸಿರು ಬಂದ ಮೇಲೆ ಆ ಹೆಂಗಸಿನ ಮೇಲೆ ಸಿಟ್ಟೂ ಬಂತು. ಆರು ವರ್ಷ ಕುಯ್ದೋಳು, ಮನೇಲಿ ಮಗು ಇಟ್ಕಂಡೋಳು.

"ಕೆಳಗೇನೈತೆ ಅಂತ ಒಂದ್ಸಲನಾದ್ರೂ ಮಾವನ್ನ ಕೇಳ್ಬಾರ್ದಿತ್ತಾ ಅಜ್ಜ, ಅವಳು?"

ಅಜ್ಜ ಎದ್ದು ಹೋಗಿ ಕುಡ್ಲು ಎತ್ಕಂಡು ಬಂದು ಅವನ ಕೈಗೆ ಕೊಟ್ಟ.

"ಕೇಳಿದ್ಲು ಕಣಪ್ಪ, ಕೈ ಮುರೀತೀನಿ ಅಂದಿದ್ದೆ."