ಮುದ್ರೆಯ ಕಂಬಳಿ

ಶಿಷ್ಯ ಕೇಳಿದ: "ಗುರುಗಳೇ, ನಮ್ಮೂರಿನವರು ಕೈಯಾರೆ ಮಾಡಿದ ಪದಾರ್ಥಗಳಿಗೆ ಮಠದ ಮುದ್ರೆ ಹಾಕುವ ಕೆಲಸ ನನಗೆ ಒಪ್ಪಿಸಿದ್ದೀರಿ. ಒಳ್ಳೆಯದು ಎನ್ನುವುದಕ್ಕೆ ಅಳತೆ ಯಾವುದು?"

ಗುರುಗಳು ನಕ್ಕರು. "ಅಳತೆ ಬೇಕೇ? ಹಾಗಾದರೆ ಕುಳಿತುಕೋ" ಎಂದು ಹೇಳತೊಡಗಿದರು.

ಒಂದೂರಲ್ಲಿ ಕಂಬಳಿ ನೇಯುವವರಿದ್ದರು. ತಾವೇ ಸಾಕಿದ ಕುರಿಯ ಉಣ್ಣೆ, ಮನೆಯ ಹೆಂಗಸರೇ ನೂತ ನೂಲು. ಆ ಕಂಬಳಿಗೆ ಹೆಸರಿತ್ತು. ಹೆಸರಿದ್ದ ಮೇಲೆ ಕಳ್ಳಮಾಲು ಬಾರದೆ ಇರುತ್ತದೆಯೇ? ಯಾರೋ ವ್ಯಾಪಾರಿಗಳು ಎಲ್ಲಿಂದಲೋ ತಂದ ತೆಳ್ಳನೆಯ ಕಂಬಳಿಗಳನ್ನು ಇದೇ ಊರಿನವು ಎಂದು ಸಂತೆಯಲ್ಲಿ ಮಾರತೊಡಗಿದರು. ನೇಕಾರರ ಹೊಟ್ಟೆಯ ಮೇಲೆ ಹೊಡೆದಂತಾಯಿತು. ಆಗ ಊರ ಯಜಮಾನ ಒಂದು ಕಟ್ಟಳೆ ಮಾಡಿದ. ಊರಲ್ಲೇ ನೇಯ್ದು, ತಕ್ಕಡಿಯಲ್ಲಿ ಗೊತ್ತುಮಾಡಿದಷ್ಟು ತೂಗುವ ಕಂಬಳಿಗೆ ಮಾತ್ರ ಊರ ಮುದ್ರೆ. ಯಜಮಾನ ಒಳ್ಳೆಯವನು, ಪಾಪ. ನೇಕಾರರು ಬದುಕಿಕೊಳ್ಳಲಿ ಎಂದೇ ಮಾಡಿದ.

ಮುದ್ರೆಯ ಕಂಬಳಿ ಚೆನ್ನಾಗಿ ಖರ್ಚಾಯಿತು. ಕೆಲವು ಕಾಲ ಕಳೆದು ಯಜಮಾನನ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾನೇ ಒಬ್ಬ ನೇಕಾರನ ಮನೆಗೆ ಹೋಗಿ, "ಹುಟ್ಟುವ ಮಗುವಿಗೆ ಒಂದು ಕಂಬಳಿ ನೇಯ್ದು ಕೊಡಪ್ಪಾ" ಎಂದ.

ನೇಕಾರನಿಗೂ ಸಂತೋಷವಾಯಿತು. ಆ ಹುಡುಗಿ ಅವನ ಮಗ್ಗದ ಹತ್ತಿರವೇ ಆಡಿ ಬೆಳೆದವಳು. ಅವನು ಕೇಳಿದ: "ಯಜಮಾನ್ರೇ, ಮುದ್ರೆ ಬೀಳೋ ಕಂಬಳಿ ನೇಯಲೋ, ಮಗೂಗೆ ಹೊದಿಸೋ ಕಂಬಳಿ ನೇಯಲೋ?"

"ಎರಡೂ ಒಂದೇ ಅಲ್ಲವೇನಯ್ಯಾ?"

"ಎಲ್ಲಿ ಒಂದೇ? ನೂಲು ಬಿಗಿಯಾಗಲಿ ಅಂತ ಹುಣಸೆಬೀಜದ ಗಂಜಿ ಹಚ್ಚೋದು ನಮ್ಮ ಪದ್ಧತಿ. ತೆಳ್ಳಗೆ ಹಚ್ಚಿದರೆ ಕಂಬಳಿ ಮೆತ್ತಗಿರುತ್ತೆ, ನಿಮ್ಮ ತೂಕಕ್ಕೆ ಬರೋದಿಲ್ಲ. ದಪ್ಪಗೆ ಬಳಿದರೆ ತೂಕ ಬರುತ್ತೆ, ಮುದ್ರೆನೂ ಬೀಳುತ್ತೆ. ಆದರೆ ಮೈಗೆ ಚುಚ್ಚುತ್ತೆ, ನೆನೆದರೆ ಲೋಳೆ ಬಿಡುತ್ತೆ. ಎಳೇ ಮೈಗೆ ಅದು ಬೇಡ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ತನ್ನ ಮುದ್ರೆ ನಂಬಿ ಎಷ್ಟು ತಾಯಂದಿರು ಕೊಂಡು ಹೋದರೋ ಎಂದು ನೆನೆದು ಯಜಮಾನನ ಕಣ್ಣಲ್ಲಿ ನೀರು ಬಂತು. ನೇಕಾರನ ಕೈ ಹಿಡಿದು, "ತಪ್ಪು ನನ್ನದಪ್ಪಾ. ತಕ್ಕಡಿಯನ್ನು ಇವತ್ತೇ ಅಟ್ಟಕ್ಕೆ ಹಾಕುತ್ತೇನೆ. ಇನ್ನು ಪ್ರತಿಯೊಂದನ್ನೂ ನನ್ನ ಮೊಮ್ಮಗುವಿಗೆಂದೇ ನೇಯಿರಿ" ಎಂದ.

ಕತೆ ಕೇಳಿ ಶಿಷ್ಯ ಹಿಗ್ಗಿದ. "ತಿಳಿಯಿತು ಗುರುಗಳೇ. ನಾನು ಕಂಬಳಿ ತೂಗುವುದಿಲ್ಲ. ಮುಟ್ಟಿ ನೋಡಿ, ಮೆತ್ತಗಿದ್ದರೆ ಮುದ್ರೆ ಹಾಕುತ್ತೇನೆ."

ಗುರುಗಳು ಅವನ ಬೆನ್ನು ತಟ್ಟಿದರು. "ಹಾಕಪ್ಪಾ, ಆದರೆ ನಿಮ್ಮವ್ವನಿಗೆ ಒಂದು ಕಂಬಳಿ ಕಳಿಸುವಾಗ ಮುದ್ರೆ ಬಿದ್ದವುಗಳಲ್ಲೂ ನೋಡಿ ಆರಿಸುತ್ತೀಯೋ, ಕೈಗೆ ಸಿಕ್ಕಿದ್ದನ್ನು ಕಳಿಸುತ್ತೀಯೋ?"

"ಆರಿಸಿಯೇ ಕಳಿಸುತ್ತೇನೆ ಗುರುಗಳೇ, ಹಾಗಾದರೆ ನನ್ನ ಅಳತೆಯೂ ಸಾಲದು" ಎಂದ ಶಿಷ್ಯ.